ಮೂಲೆಯಲ್ಲಿ ಕಡಿಮೆ ಬೀಳುವ ಕೋನ

(ದಾವಣಗೆರೆಯಲ್ಲಿ ಗಣಿತ ಶಿಕ್ಷಕರು, ಪೋಷಕರು ಮತ್ತು ಹೈಸ್ಕೂಲು, ಪಿಯುಸಿ ಮಕ್ಕಳು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ನಿಮಗೆಲ್ಲ ಒಂದೊಂದು ಖಾಲಿ ಸ್ವೀಟ್ ಬಾಕ್ಸ್ ಕೊಟ್ಟಿದ್ದಾರೆ. ಹರಿಯದ ಹಾಗೆ ಅದರ ಕಿವಿಗಳನ್ನು ಬಿಡಿಸಿ, ಪೂರ್ತಿ ಬಿಚ್ಚಿ, ತೊಡೆಯ ಮೇಲೆ ಹರವಿಕೊಳ್ಳಿ. ಮಂಡಿಪೇಟೆ ಕಡೆಯ ಅಂಗಡಿಗಳಲ್ಲಿ ನೋಡಿರುತ್ತೀರಿ, ಈ ಡಬ್ಬಿಗಳು ಬರುವುದೇ ಹೀಗೆ, ಚಪ್ಪಟೆ ಹಾಳೆಯಾಗಿ, ಕಟ್ಟು ಕಟ್ಟಾಗಿ. ಗಿರಾಕಿ ಅರ್ಧ ಕೆಜಿ ಅಂದ ಕೂಡಲೇ ಅಂಗಡಿಯ ಹುಡುಗ ಒಂದು ಹಾಳೆ ಎಳೆದು, ನಾಲ್ಕು ಗೋಡೆ ಎಬ್ಬಿಸಿ, ಕಿವಿ ಸಿಕ್ಕಿಸಿ ತಕ್ಕಡಿಯ ಮೇಲಿಡುತ್ತಾನೆ. ನಾವು ದುಡ್ಡು ಎಣಿಸುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ. ಅದರೊಳಗಿನ ಗಣಿತವನ್ನು ಇವತ್ತು ಸಾವಕಾಶವಾಗಿ ನೋಡೋಣ.

ಹರವಿದ ಹಾಳೆಯಲ್ಲಿ ತಳದ ಆಯತವನ್ನು ಹುಡುಕಿ. ಅದರ ಒಂದು ಮೂಲೆಯ ಮೇಲೆ ಬೆರಳಿಡಿ. ಆ ಬಿಂದುವಿನ ಸುತ್ತ ಏನೇನಿದೆ? ತಳದ ಒಂದು ಲಂಬಕೋನ, 90 ಡಿಗ್ರಿ. ಈ ಬದಿಯ ಗೋಡೆಯದು ಇನ್ನೊಂದು, ಆ ಬದಿಯ ಗೋಡೆಯದು ಮತ್ತೊಂದು. ಅಲ್ಲಿಗೆ 270 ಆಯಿತು. ಒಂದು ಬಿಂದುವಿನ ಸುತ್ತ ಇರಬೇಕಾದದ್ದು 360. ಮಿಕ್ಕ 90 ಡಿಗ್ರಿಯ ಜಾಗದಲ್ಲಿ ಒಂದು ಚಿಕ್ಕ ಕಿವಿ ಇದೆ, ನೋಡಿ. ಅದರ ಒಂದು ಬದಿಯನ್ನು ಸೀಳಿದ್ದಾರೆ, ಇನ್ನೊಂದು ಬದಿಗೆ ಮಡಿಕೆಯ ಗೆರೆ ಒತ್ತಿದ್ದಾರೆ. ಗೋಡೆ ಎಬ್ಬಿಸಿದಾಗ ಈ ಕಿವಿ ಪಕ್ಕದ ಗೋಡೆಗೆ ಅಂಟಿಕೊಂಡು ಮರೆಯಾಗುತ್ತದೆ. ಅಂದರೆ ಲೆಕ್ಕದಿಂದ ಹೊರಗೆ ಹೋಗುತ್ತದೆ. ಮೂಲೆಯ ಸುತ್ತ ಉಳಿಯುವುದು 270 ಮಾತ್ರ. 360 ಇದ್ದಾಗ ಹಾಳೆ ಆರಾಮಾಗಿ ಮಲಗಿತ್ತು. 90 ಕಡಿಮೆ ಬಿದ್ದ ಮೇಲೆ ಅದಕ್ಕೆ ಮಲಗಲು ಸಾಧ್ಯವಿಲ್ಲ, ಎದ್ದು ನಿಲ್ಲಲೇಬೇಕು.

ನಾನು ಹೇಳಬೇಕೆಂದು ಬಂದಿರುವ ಮಾತು ಇಷ್ಟೇ. ಚಪ್ಪಟೆ ಹಾಳೆ ಘನಾಕೃತಿಯಾಗುವ ಗುಟ್ಟು ಮೂಲೆಯಲ್ಲಿದೆ, ಅಲ್ಲಿ ಕಡಿಮೆ ಬೀಳುವ ಕೋನದಲ್ಲಿದೆ. ನಾವು ತರಗತಿಯಲ್ಲಿ ಮುಖ ಎಷ್ಟು, ಅಂಚು ಎಷ್ಟು, ಶೃಂಗ ಅಂದರೆ ಮೂಲೆ ಎಷ್ಟು ಎಂದು ಎಣಿಸುತ್ತೇವೆ, ಕೋಷ್ಟಕ ಬರೆಸುತ್ತೇವೆ. ಶೃಂಗದ ಹತ್ತಿರ ನಿಂತು ಸುತ್ತ ಇರುವ ಕೋನವನ್ನು ಕೂಡಿಸಿ ನೋಡಿ ಅಂತ ಮಾತ್ರ ಹೇಳುವುದಿಲ್ಲ. ಅದೊಂದು ಹೇಳಿದರೆ ಮಕ್ಕಳಿಗೆ ಮಿಕ್ಕದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಘನವನ್ನೇ ತೆಗೆದುಕೊಳ್ಳೋಣ. ಲೂಡೊ ಆಡುವ ದಾಳ. 6 ಮುಖ, 12 ಅಂಚು, 8 ಶೃಂಗ. ಇದನ್ನು ಅಂಚುಗಳ ಮೇಲೇ ಕತ್ತರಿಸಿ, ಒಂದೇ ತುಂಡಾಗಿ ಚಪ್ಪಟೆ ಮಾಡಬೇಕು. ಹಾಗೆ ಬಿಚ್ಚಿದ್ದೇ ಜಾಲಾಕೃತಿ. ಎಷ್ಟು ಅಂಚು ಕತ್ತರಿಸಬೇಕು? ಪ್ರತಿ ಶೃಂಗಕ್ಕೂ ಕತ್ತರಿ ಮುಟ್ಟಲೇಬೇಕು, ಮುಟ್ಟದ ಶೃಂಗ ಗುಬಟಾಗಿ ಉಳಿಯುತ್ತದೆ. ಆದರೆ ಕತ್ತರಿ ಹೋದ ದಾರಿ ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ಒಂದು ತುಂಡು ಕಳಚಿ ಕೆಳಗೆ ಬೀಳುತ್ತದೆ. ಎಲ್ಲ 8 ಶೃಂಗಗಳನ್ನು ಮುಟ್ಟಬೇಕು, ಸುತ್ತು ಮಾತ್ರ ಕೂಡಬಾರದು. ಮರದ ಕೊಂಬೆ ಹಾಗೆ ಕವಲೊಡೆಯಬಹುದು, ಅಷ್ಟೇ. 8 ಬಿಂದುಗಳನ್ನು ಹೀಗೆ ಜೋಡಿಸಲು ಬೇಕಾದ ಗೆರೆ 7. ಆದ್ದರಿಂದ ಯಾರು ಹೇಗೆ ಕತ್ತರಿಸಿದರೂ 7 ಅಂಚು ಕತ್ತರಿಗೆ, 5 ಅಂಚು ಮಡಿಕೆಗೆ. ಕತ್ತರಿಸಿದ ಪ್ರತಿ ಅಂಚೂ ಎರಡು ಬದಿಯಾಗುವುದರಿಂದ ಜಾಲಾಕೃತಿಯ ಸುತ್ತಳತೆ ಯಾವಾಗಲೂ 14 ಬದಿ. ಬೇಕಾದರೆ ಶಿಲುಬೆ ಆಕಾರದ ಜಾಲಾಕೃತಿಯ ಸುತ್ತ ಬೆರಳಾಡಿಸಿ ಎಣಿಸಿ.

ಘನಕ್ಕೆ ಒಟ್ಟು ಎಷ್ಟು ಜಾಲಾಕೃತಿ? ತಿರುಗಿಸಿದ್ದು, ಮಗುಚಿದ್ದು ಎಲ್ಲ ಒಂದೇ ಎಂದು ಎಣಿಸಿದರೆ 11. ಆರು ಚೌಕಗಳನ್ನು ಬದಿಗೆ ಬದಿ ಸೇರಿಸುವ ಬೇರೆ ಬೇರೆ ಆಕಾರಗಳು ಒಟ್ಟು 35. ಅದರಲ್ಲಿ 11 ಮಾತ್ರ ಡಬ್ಬಿಯಾಗುತ್ತವೆ, 24 ಆಗುವುದಿಲ್ಲ. ಇದನ್ನು ಮಕ್ಕಳಿಂದ ಮಾಡಿಸಬೇಕು. ಪ್ರಶ್ನೆಪತ್ರಿಕೆಯಲ್ಲಿ ನಾಲ್ಕು ಚಿತ್ರ ಕೊಟ್ಟು ಇವುಗಳಲ್ಲಿ ಯಾವುದು ಘನದ ಜಾಲಾಕೃತಿ ಎಂದು ಕೇಳುವುದು ನನಗೆ ಇಷ್ಟವಿಲ್ಲ. ಮಕ್ಕಳು ಚಿತ್ರವನ್ನು ಬಾಯಿಪಾಠ ಮಾಡುತ್ತಾರೆ, ಕೈಗೆ ಏನೂ ಬರುವುದಿಲ್ಲ. ಅದರ ಬದಲು ಚೌಕದ ಹಾಳೆ ಕೊಟ್ಟು, ಇರುವುದನ್ನೆಲ್ಲ ನೀವೇ ಹುಡುಕಿ ಎನ್ನಬೇಕು. ಹುಡುಕುವ ಕ್ರಮವೂ ಚೆನ್ನಾಗಿದೆ. ನಾಲ್ಕು ಚೌಕದ ಒಂದು ಸಾಲು ಇಟ್ಟುಕೊಂಡು, ಮೇಲೊಂದು ಕೆಳಗೊಂದು ಚೌಕವನ್ನು ಸರಿಸುತ್ತಾ ಹೋದರೆ 6 ಸಿಗುತ್ತವೆ. ಮಧ್ಯೆ ಮೂರರ ಸಾಲು, ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಎಂದಿಟ್ಟರೆ 3. ಎರಡೆರಡು ಚೌಕಗಳ ಮೆಟ್ಟಿಲು 1. ಮೂರು ಮೂರರ ಮೆಟ್ಟಿಲು 1. ಅಲ್ಲಿಗೆ 11 ಮುಗಿಯಿತು.

ಮಿಕ್ಕವು ಯಾಕೆ ಆಗುವುದಿಲ್ಲ ಎನ್ನುವುದೇ ಹೆಚ್ಚು ಕಲಿಸುತ್ತದೆ. ಐದು ಚೌಕ ಸಾಲಾಗಿ ಬಂದರೆ ಕೆಡುತ್ತದೆ, ಯಾಕೆಂದರೆ ನಾಲ್ಕಕ್ಕೇ ಒಂದು ಸುತ್ತು ಪೂರ್ತಿಯಾಗಿ ಐದನೆಯದು ಒಂದನೆಯದರ ಮೇಲೆ ಕೂರುತ್ತದೆ. ಎರಡು ಎರಡಾಗಿ ನಾಲ್ಕು ಚೌಕ ಗುಂಪಾಗಿ ಸೇರಿದರೂ ಕೆಡುತ್ತದೆ. ಇಲ್ಲಿ ನಮ್ಮ ಮೂಲೆಯ ಮಾತು ಬರುತ್ತದೆ. ಆ ನಾಲ್ಕು ಚೌಕ ಸೇರುವ ಬಿಂದುವಿನಲ್ಲಿ 90 ನಾಲ್ಕು ಸಲ, ಅಂದರೆ ಪೂರ್ತಿ 360 ಇದೆ. ಅಲ್ಲಿ ಕೊರತೆಯಿಲ್ಲ. ಕೊರತೆ ಇಲ್ಲದ ಕಡೆ ಮೂಲೆ ಏಳುವುದಿಲ್ಲ. ಇಷ್ಟು ಗೊತ್ತಾದ ಮಗು ಚಿತ್ರ ನೋಡಿದ ತಕ್ಷಣ ಅದನ್ನು ಹೊಡೆದುಹಾಕುತ್ತದೆ, ಮಡಚಿ ನೋಡುವ ಅಗತ್ಯವೇ ಇರುವುದಿಲ್ಲ.

ಈಗ ಒಂದು ಚೆಂದದ ವಿಷಯಕ್ಕೆ ಬರೋಣ. ಘನದ ಪ್ರತಿ ಮೂಲೆಯಲ್ಲೂ 90 ಕಡಿಮೆ. ಮೂಲೆಗಳು 8. ಒಟ್ಟು ಕೊರತೆ 720. ನೆನಪಿಟ್ಟುಕೊಳ್ಳಿ. ಸಮಬಾಹು ತ್ರಿಭುಜಗಳ ಚತುರ್ಮುಖ ಘನ ತೆಗೆದುಕೊಳ್ಳಿ. ಪ್ರತಿ ಮೂಲೆಯಲ್ಲಿ ಮೂರು ತ್ರಿಭುಜ, 60 ಮೂರು ಸಲ, 180. ಕೊರತೆ 180, ಮೂಲೆ 4, ಒಟ್ಟು 720. ಇಪ್ಪತ್ತು ತ್ರಿಭುಜಗಳ ವಿಂಶತಿಮುಖ ಘನದಲ್ಲಿ ಪ್ರತಿ ಮೂಲೆಗೂ ಐದು ತ್ರಿಭುಜ, 300. ಕೊರತೆ 60, ಮೂಲೆ 12, ಮತ್ತೆ 720. ಹಳೆಯ ಕಾಲದ ಫುಟ್‌ಬಾಲ್ ನೆನಪಿದೆಯಲ್ಲ, ಕರಿ ಪಂಚಭುಜ, ಬಿಳಿ ಷಡ್ಭುಜ ಇರುವಂಥದ್ದು? ಅದರಲ್ಲಿ 12 ಪಂಚಭುಜ, 20 ಷಡ್ಭುಜ. ಪ್ರತಿ ಮೂಲೆಯಲ್ಲಿ ಒಂದು ಪಂಚಭುಜದ 108, ಎರಡು ಷಡ್ಭುಜಗಳ 120, 120 ಸೇರಿ 348. ಕೊರತೆ ಬರೀ 12 ಡಿಗ್ರಿ. ಆದರೆ ಮೂಲೆಗಳು 60. ಹನ್ನೆರಡು ಅರವತ್ತಲಿ ಎಷ್ಟು? 720.

ನಿಮ್ಮ ತೊಡೆಯ ಮೇಲಿರುವ ಡಬ್ಬಿ ಉದ್ದಕ್ಕಿರಲಿ, ಗಿಡ್ಡಕ್ಕಿರಲಿ, ವಕ್ರವಾಗಿರಲಿ. ನಡುವೆ ತೂತಿಲ್ಲದ ಯಾವುದೇ ಬಹುಮುಖ ಘನಾಕೃತಿಗೂ ಒಟ್ಟು ಕೊರತೆ 720 ಡಿಗ್ರಿಯೇ. ಇದನ್ನು ಕಂಡುಕೊಂಡವನು ಹದಿನೇಳನೆಯ ಶತಮಾನದ ಫ್ರೆಂಚ್ ಚಿಂತಕ ರೆನೆ ಡೆಕಾರ್ಟ್. ಅವನ ಕೈಬರಹ ಕಳೆದುಹೋಯಿತು. 1676ರಲ್ಲಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಮಾಡಿಕೊಂಡಿದ್ದ ನಕಲು ಉಳಿದು, ಹತ್ತೊಂಬತ್ತನೆಯ ಶತಮಾನದಲ್ಲಿ ಸಿಕ್ಕು, 1860ರಲ್ಲಿ ಅಚ್ಚಾಯಿತು. ಅಷ್ಟರೊಳಗೆ ಸ್ವಿಸ್ ಗಣಿತಜ್ಞ ಆಯ್ಲರ್ 1750ರಲ್ಲಿ ತನ್ನ ಸೂತ್ರವನ್ನು ಹೇಳಿಬಿಟ್ಟಿದ್ದ: ಮುಖ ಮತ್ತು ಶೃಂಗ ಕೂಡಿಸಿದರೆ ಅಂಚಿಗಿಂತ ಎರಡು ಹೆಚ್ಚು. ನಮ್ಮ ಮಕ್ಕಳು ಅದನ್ನು ಓದುತ್ತಾರೆ. ಎರಡೂ ಒಂದೇ ಸತ್ಯದ ಎರಡು ರೂಪ, ಒಂದರಿಂದ ಇನ್ನೊಂದನ್ನು ಸಾಧಿಸಬಹುದು. ನನ್ನ ಮಟ್ಟಿಗೆ ಡೆಕಾರ್ಟನ ರೂಪವೇ ಮಕ್ಕಳಿಗೆ ಮೊದಲು ಬರಬೇಕು. ಅದನ್ನು ಕೋನಮಾಪಕ ಹಿಡಿದು ಅಳೆಯಬಹುದು.

ಮಡಿಕೆ ಇಲ್ಲದೆ ಬಳುಕುವ ಆಕೃತಿಗಳಿಗೂ ಇದೇ ನ್ಯಾಯ. ಎಣ್ಣೆ ಹುಯ್ಯುವ ತಗಡಿನ ಆಲಿಕೆ ಮಾಡುವವರನ್ನು ನೋಡಿ. ತಗಡಿನ ಮೇಲೆ ಕೈವಾರದಿಂದ ವೃತ್ತದ ಒಂದು ಭಾಗವನ್ನು ಗೀರುತ್ತಾರೆ. ನಾವು ಪುಸ್ತಕದಲ್ಲಿ ತ್ರಿಜ್ಯಾಂತರ ಖಂಡ ಎನ್ನುವುದು ಅದನ್ನೇ. 20 ಸೆಂಟಿಮೀಟರ್ ತ್ರಿಜ್ಯದ ಅರ್ಧವೃತ್ತ ಕತ್ತರಿಸಿ ಸುತ್ತಿದರೆ ಅದರ ಬಾಗಿದ ಅಂಚು 62.8 ಸೆಂಟಿಮೀಟರ್, ಅದೇ ಬಾಯಿಯ ಪರಿಧಿ. ಹಾಗಾಗಿ ಬಾಯಿಯ ತ್ರಿಜ್ಯ ಸರಿಯಾಗಿ 10 ಸೆಂಟಿಮೀಟರ್. ಕಾಲು ವೃತ್ತ ಕತ್ತರಿಸಿದರೆ ಬಾಯಿ 5 ಸೆಂಟಿಮೀಟರ್ ತ್ರಿಜ್ಯಕ್ಕೆ ಇಳಿದು ಆಲಿಕೆ ಚೂಪಾಗುತ್ತದೆ. ಶಂಕುವಿನ ತುದಿಯಲ್ಲಿ ಎಷ್ಟು ಕೋನ ಕಡಿಮೆಯಾಯಿತೋ ಅಷ್ಟು ಚೂಪು. ಬೆಸುಗೆಗೆ ಒಂದಿಷ್ಟು ಅಂಚು ಹೆಚ್ಚಿಗೆ ಬಿಡುವುದು, ತುದಿಯನ್ನು ಕೊಯ್ದು ಕೊಳವೆ ಕೂಡಿಸುವುದು ಇವೆಲ್ಲ ಆಮೇಲಿನ ಕೆಲಸ. ಆಲಿಕೆ ಎಷ್ಟು ಅಗಲ ಬರಬೇಕು ಎನ್ನುವುದು ಗೀರು ಹಾಕುವಾಗಲೇ ತೀರ್ಮಾನ ಆಗಿಹೋಗಿರುತ್ತದೆ.

ಸಿಲಿಂಡರಿಗೆ ಬರೋಣ. ಇದಕ್ಕೆ ನಮ್ಮೂರಿನ ಮಂಡಕ್ಕಿ ಬೇಕು. ಎರಡು ಎ4 ಹಾಳೆ, 29.7 ಸೆಂಟಿಮೀಟರ್ ಉದ್ದ, 21 ಅಗಲ. ಒಂದನ್ನು ಉದ್ದಕ್ಕೆ ಸುರುಳಿ ಸುತ್ತಿ ಎತ್ತರದ ಕೊಳವೆ ಮಾಡಿ, ಇನ್ನೊಂದನ್ನು ಅಡ್ಡಕ್ಕೆ ಸುತ್ತಿ ದಪ್ಪನೆಯ ಗಿಡ್ಡ ಕೊಳವೆ ಮಾಡಿ. ಎತ್ತರದ್ದನ್ನು ಗಿಡ್ಡದ್ದರ ಒಳಗೆ ನಿಲ್ಲಿಸಿ, ಎತ್ತರದ್ದರ ತುಂಬ ಮಂಡಕ್ಕಿ ಸುರಿದು, ಮೆಲ್ಲಗೆ ಅದನ್ನು ಮೇಲಕ್ಕೆ ಎಳೆದುಬಿಡಿ. (ಸಭೆಯಲ್ಲಿ ಇದನ್ನು ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಮಾಡಿ ತೋರಿಸಿದರು.) ನೋಡಿ, ಗಿಡ್ಡದ್ದು ತುಂಬಲೇ ಇಲ್ಲ. ಹಾಳೆ ಒಂದೇ, ವಿಸ್ತೀರ್ಣ ಒಂದೇ. ಆದರೆ ಎತ್ತರದ್ದು ಹಿಡಿಯುವುದು ಸುಮಾರು 1042 ಘನ ಸೆಂಟಿಮೀಟರ್, ಗಿಡ್ಡದ್ದು ಸುಮಾರು 1474. ಪಾರ್ಶ್ವ ಮೇಲ್ಮೈ ವಿಸ್ತೀರ್ಣದ ಸೂತ್ರ, ಘನಫಲದ ಸೂತ್ರ ಎರಡೂ ಬಾಯಿಗೆ ಬರುವ ಮಕ್ಕಳು ಕೂಡ ಇದನ್ನು ಕಂಡು ಬೆರಗಾಗುತ್ತಾರೆ.

ಗೋಳಕ್ಕೆ ಮಾತ್ರ ಜಾಲಾಕೃತಿ ಇಲ್ಲ. ಮೋಸಂಬಿ ಸಿಪ್ಪೆಯನ್ನು ಮೇಜಿನ ಮೇಲೆ ಒತ್ತಿದರೆ ಅಂಚು ಸೀಳುತ್ತದೆಯೇ ಹೊರತು ಚಪ್ಪಟೆಯಾಗುವುದಿಲ್ಲ. ಘನದಲ್ಲಿ ಕೊರತೆಯೆಲ್ಲ ಎಂಟು ಮೂಲೆಗಳಲ್ಲಿ ಕೂಡಿತ್ತು, ಆ ಎಂಟನ್ನು ಕತ್ತರಿಯಿಂದ ಮುಟ್ಟಿದರೆ ಸಾಕಾಗಿತ್ತು. ಗೋಳದಲ್ಲಿ ಅದೇ 720 ಡಿಗ್ರಿ ಮೈಯೆಲ್ಲ ಸಮನಾಗಿ ಹರಡಿಕೊಂಡಿದೆ. ಎಲ್ಲಿ ಅಂತ ಕತ್ತರಿಸುತ್ತೀರಿ? ಜರ್ಮನಿಯ ಗೌಸ್ 1827ರಲ್ಲಿ ಇದನ್ನು ಸಾಧಿಸಿ ತೋರಿಸಿದ. ಭೂಪಟ ಬರೆಯುವವರ ಕಷ್ಟವೆಲ್ಲ ಇಲ್ಲಿಂದಲೇ ಬಂದದ್ದು. ನಿಮ್ಮ ಶಾಲೆಯ ಗೋಡೆಯ ಮೇಲಿರುವ ಭೂಪಟ ಮರ್ಕೇಟರ್ ಮಾದರಿಯದಾಗಿದ್ದರೆ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು 14 ಪಟ್ಟು ದೊಡ್ಡದು.

ಇನ್ನು ಇತಿಹಾಸ. ಘನಾಕೃತಿಗಳನ್ನು ಬಿಚ್ಚಿ ಹರವಿ ಚಿತ್ರ ಬರೆದು ಅಚ್ಚು ಹಾಕಿಸಿದ ಹಿರಿಯ ಆಲ್ಬ್ರೆಕ್ಟ್ ಡ್ಯೂರರ್. ನ್ಯೂರೆಂಬರ್ಗ್ ಊರಿನವನು, ಅಕ್ಕಸಾಲಿಗನ ಮಗ, ಯುರೋಪಿನ ದೊಡ್ಡ ಚಿತ್ರಕಾರರಲ್ಲಿ ಒಬ್ಬ. 1525ರಲ್ಲಿ ಅಳತೆಯ ಕಲೆಯ ಮೇಲೆ ಒಂದು ಪುಸ್ತಕ ಬರೆದ. ವಿದ್ವಾಂಸರ ಲ್ಯಾಟಿನ್ ಬಿಟ್ಟು ಜರ್ಮನ್ ಭಾಷೆಯಲ್ಲಿ, ಚಿತ್ರ ಬರೆಯುವವರಿಗೆ, ಕಲ್ಲು ಮರದ ಕೆಲಸದವರಿಗೆ ತಿಳಿಯಲಿ ಎಂದು ಬರೆದ ಪುಸ್ತಕ ಅದು. ಅದರಲ್ಲಿ ಈ ಜಾಲಾಕೃತಿಗಳಿವೆ. ಜ್ಞಾನ ಕೈಕೆಲಸದವರ ಮಾತಿನಲ್ಲಿ ಇರಬೇಕು ಎಂದು ಐನೂರು ವರ್ಷದ ಹಿಂದೆ ಒಬ್ಬ ಯೋಚಿಸಿದ ಎನ್ನುವುದೇ ನನಗೆ ದೊಡ್ಡ ವಿಷಯ.

ಡ್ಯೂರರ್ ಬರೆದ ಆಕೃತಿಗಳೆಲ್ಲ ಚೊಕ್ಕವಾಗಿ ಬಿಚ್ಚಿಕೊಂಡವು. ಎಲ್ಲವೂ ಹಾಗೆ ಬಿಚ್ಚಿಕೊಳ್ಳುತ್ತವೆಯೇ? ತೆಳ್ಳನೆಯ, ಓರೆಯಾದ ಕೆಲವು ಘನಾಕೃತಿಗಳನ್ನು ಅಡ್ಡಾದಿಡ್ಡಿ ಕತ್ತರಿಸಿದರೆ, ಹರವಿದಾಗ ಒಂದು ಮುಖ ಇನ್ನೊಂದರ ಮೇಲೆ ಬಂದು ಕೂರುತ್ತದೆ. ಅಂಥದ್ದನ್ನು ಒಂದೇ ಹಾಳೆಯಿಂದ ಕತ್ತರಿಸಿ ತೆಗೆಯಲಾಗುವುದಿಲ್ಲ. ಆಗ ಬೇರೆ ಅಂಚುಗಳನ್ನು ಆರಿಸಿ ಕತ್ತರಿಸಬೇಕು. 1975ರಲ್ಲಿ ಜೆಫ್ರಿ ಶೆಫರ್ಡ್ ಎಂಬ ಗಣಿತಜ್ಞ ಕೇಳಿದ ಪ್ರಶ್ನೆ ಹೀಗಿದೆ: ಎಲ್ಲೂ ಒಳಕ್ಕೆ ತಗ್ಗಿರದ, ಉಬ್ಬಿದ ಯಾವುದೇ ಬಹುಮುಖ ಘನಾಕೃತಿಗೂ ಮುಖದ ಮೇಲೆ ಮುಖ ಬೀಳದ ಒಂದಾದರೂ ಜಾಲಾಕೃತಿ ಇದ್ದೇ ಇರುತ್ತದೆಯೇ? ಇದಕ್ಕೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ. ಮುಖದ ನಡುವೆಯೂ ಕತ್ತರಿ ಹಾಕಬಹುದು ಎಂದು ಬಿಟ್ಟರೆ ಯಾವಾಗಲೂ ಆಗುತ್ತದೆ, ಅದಕ್ಕೆ ಸಾಧನೆ ಇದೆ. ಒಳಕ್ಕೆ ತಗ್ಗಿರುವ ಆಕೃತಿಗಳಲ್ಲಿ ಜಾಲಾಕೃತಿಯೇ ಇಲ್ಲದವು ಇವೆ ಎಂಬುದೂ ಗೊತ್ತಾಗಿದೆ. ಆದರೆ ಉಬ್ಬಿದ ಆಕೃತಿ, ಅಂಚಿನ ಮೇಲೆ ಮಾತ್ರ ಕತ್ತರಿ, ಈ ಸರಳ ಪ್ರಶ್ನೆ ಹಾಗೇ ನಿಂತಿದೆ. ಇಲ್ಲಿರುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ನಿಮಗೆ ಪೂರ್ತಿ ಅರ್ಥವಾಗುವ ಪ್ರಶ್ನೆ, ಜಗತ್ತಿನಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ. ಗಣಿತದಲ್ಲಿ ಕಂಡುಹಿಡಿಯುವುದು ಏನೂ ಉಳಿದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎಣಿಕೆಯ ಬಗ್ಗೆ ಒಂದು ಮಾತು. ಚತುರ್ಮುಖ ಘನಕ್ಕೆ ಜಾಲಾಕೃತಿ 2. ಘನಕ್ಕೆ 11, ಅಷ್ಟಮುಖ ಘನಕ್ಕೂ 11. ಪಂಚಭುಜಗಳ ದ್ವಾದಶಮುಖ ಘನಕ್ಕೆ 43,380, ವಿಂಶತಿಮುಖ ಘನಕ್ಕೂ ಅಷ್ಟೇ 43,380. ಜೋಡಿ ಜೋಡಿಯಾಗಿ ಸಮ ಬಂದದ್ದು ಆಕಸ್ಮಿಕವಲ್ಲ. ಘನದ ಆರು ಮುಖಗಳ ನಡುಬಿಂದುಗಳನ್ನು ಜೋಡಿಸಿದರೆ ಅಷ್ಟಮುಖ ಘನ ಬರುತ್ತದೆ. ಒಂದರಲ್ಲಿ ಕತ್ತರಿಸುವ ಅಂಚು ಇನ್ನೊಂದರಲ್ಲಿ ಮಡಚುವ ಅಂಚಾಗುತ್ತದೆ. ಹಾಗಾಗಿ ಒಂದರ ಪ್ರತಿ ಜಾಲಾಕೃತಿಗೂ ಇನ್ನೊಂದರಲ್ಲಿ ಒಂದು ಸಂಗಾತಿ ಇದ್ದೇ ಇರುತ್ತದೆ.

ಇದರ ಉಪಯೋಗ ಏನು ಎಂದು ಪೋಷಕರು ಕೇಳುತ್ತಾರೆ. ಉಪಗ್ರಹದ ಸೌರಫಲಕಗಳು ರಾಕೆಟ್ಟಿನ ಮೂತಿಯೊಳಗೆ ಮಡಚಿಕೊಂಡು ಕೂತು, ಕಕ್ಷೆಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತವೆ. ಚಳ್ಳಕೆರೆ ಕಡೆಯಲ್ಲಿ ಇಸ್ರೊ ಪ್ರಯೋಗಗಳ ಸುದ್ದಿ ಕೇಳುವ ನಮ್ಮ ಜಿಲ್ಲೆಗಳ ಮಕ್ಕಳಿಗೆ ಇದು ದೂರದ ಮಾತಲ್ಲ. ಜಪಾನಿನ ಕೊರ್ಯೊ ಮಿಯುರ ಕಂಡುಹಿಡಿದ ಒಂದು ಮಡಿಕೆ ಇದೆ, ಎದುರು ಬದುರು ಮೂಲೆ ಹಿಡಿದು ಎಳೆದರೆ ಇಡೀ ಹಾಳೆ ಒಟ್ಟಿಗೇ ತೆರೆದುಕೊಳ್ಳುತ್ತದೆ. ಜಪಾನ್ 1995ರಲ್ಲಿ ಅದನ್ನು ಬಾಹ್ಯಾಕಾಶದಲ್ಲಿ ಪರೀಕ್ಷಿಸಿತು. ಆದರೆ ಉಪಯೋಗಕ್ಕಾಗಿಯೇ ಮಕ್ಕಳಿಗೆ ಇದನ್ನು ಕಲಿಸಿ ಎಂದು ನಾನು ಹೇಳುವುದಿಲ್ಲ. ಕೈಯಲ್ಲಿರುವ ಹಾಳೆಯನ್ನು ನೋಡಿ, ಏಳಲಿರುವ ಆಕೃತಿಯನ್ನು ಮನಸ್ಸಿನಲ್ಲಿ ಕಾಣುವ ಶಕ್ತಿ ಬಂದರೆ ಅದೇ ದೊಡ್ಡ ಸಂಪತ್ತು.

ಪ್ರಶ್ನೆಗಳು ಬಂದವು. ದ್ವಿತೀಯ ಪಿಯುಸಿ ಹುಡುಗನೊಬ್ಬ, ಸರ್, ಒಂದೇ ಹಾಳೆಯಿಂದ ಬೇರೆ ಬೇರೆ ಘನಾಕೃತಿ ಬರಬಹುದಾ ಎಂದು ಕೇಳಿದ. ತುಂಬ ಒಳ್ಳೆಯ ಪ್ರಶ್ನೆ. ಬರಬಹುದು. ಘನದ ಶಿಲುಬೆ ಜಾಲಾಕೃತಿಯನ್ನೇ ತೆಗೆದುಕೊಂಡು, ಬದಿಗಳನ್ನು ಬೇರೆ ರೀತಿ ಜೋಡಿಸಿ ಅಂಟಿಸಿದರೆ, ಮಡಿಕೆಗಳು ಚೌಕಗಳ ನಡುವೆ ಓರೆಯಾಗಿ ಬಿದ್ದು ಒಂದು ಚತುರ್ಮುಖ ಘನ ಏಳುತ್ತದೆ. ಯಾವ ಬದಿಗೆ ಯಾವ ಬದಿ ಎಂದು ನಿಶ್ಚಯ ಮಾಡಿದ ಮೇಲೆ, ಯಾವ ಬಿಂದುವಿನಲ್ಲೂ 360 ಮೀರದಿದ್ದರೆ, ಆಗುವ ಉಬ್ಬಿದ ಆಕೃತಿ ಒಂದೇ ಒಂದು. ಇದು ರಷ್ಯಾದ ಅಲೆಕ್ಸಾಂಡ್ರೊವ್ 1940ರ ದಶಕದ ಆರಂಭದಲ್ಲಿ ಸಾಧಿಸಿದ ಪ್ರಮೇಯ. ಇಲ್ಲೂ ಕಾವಲು ನಿಂತಿರುವುದು ಮೂಲೆಯ ಕೋನವೇ.

ಅವನ ಪಕ್ಕದಲ್ಲಿದ್ದವನಿಗೆ ಪರೀಕ್ಷೆಯ ಲೆಕ್ಕ ಬೇಕಿತ್ತು. 30 ಸೆಂಟಿಮೀಟರ್ ಚೌಕ ತಗಡಿನ ನಾಲ್ಕು ಮೂಲೆಯಲ್ಲೂ ಸಣ್ಣ ಚೌಕ ಕತ್ತರಿಸಿ ಮುಚ್ಚಳವಿಲ್ಲದ ಡಬ್ಬಿ ಮಾಡಿದರೆ, ಹೆಚ್ಚು ಹಿಡಿಯಲು ಎಷ್ಟು ಕತ್ತರಿಸಬೇಕು? ಕಲನಶಾಸ್ತ್ರ ಕೊಡುವ ಉತ್ತರ 5 ಸೆಂಟಿಮೀಟರ್, ಅಂದರೆ ಬದಿಯ ಆರನೇ ಒಂದು ಭಾಗ. ಆಗ 2000 ಘನ ಸೆಂಟಿಮೀಟರ್ ಹಿಡಿಯುತ್ತದೆ. 4 ಕತ್ತರಿಸಿದರೆ 1936, 6 ಕತ್ತರಿಸಿದರೆ 1944.

ಚಿತ್ರದುರ್ಗದಿಂದ ಬಂದಿದ್ದ ಶಿಕ್ಷಕಿಯೊಬ್ಬರ ಪ್ರಶ್ನೆ ತರಗತಿಯ ಒಳಗಿನದು. "ಸರ್, ಮಕ್ಕಳು ಮಾದರಿ ಮಾಡುವಾಗ ಅಂಟು ಹಚ್ಚುವ ಕಿವಿಗಳನ್ನು ಎಲ್ಲಿ ಬಿಡಬೇಕು ಅನ್ನೋದೇ ಗೊಂದಲ. ಕೆಲವು ಕಡೆ ಎರಡೆರಡು ಬರುತ್ತವೆ, ಕೆಲವು ಕಡೆ ಒಂದೂ ಇರಲ್ಲ." ಮೇಡಂ, ಇದಕ್ಕೆ ಒಂದು ಸುಲಭದ ನಿಯಮ ಇದೆ. ಜಾಲಾಕೃತಿಯ ಹೊರಗಿನ ಬದಿಗಳ ಮೇಲೆ ಸುತ್ತು ಬನ್ನಿ, ಒಂದು ಬದಿಗೆ ಕಿವಿ ಬಿಡಿ, ಮುಂದಿನದಕ್ಕೆ ಬೇಡ, ಅದರ ಮುಂದಿನದಕ್ಕೆ ಬಿಡಿ. ಒಂದು ಬಿಟ್ಟು ಒಂದು. ಎರಡು ಬದಿ ಒಂದೇ ಗೆರೆಯಲ್ಲಿ ಬಂದರೂ ಬೇರೆ ಬೇರೆಯಾಗಿಯೇ ಎಣಿಸಬೇಕು. 11 ಜಾಲಾಕೃತಿಗಳಲ್ಲಿ ಯಾವುದಕ್ಕೆ ಮಾಡಿದರೂ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಕಿವಿ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ.

ಕಾರಣವನ್ನೂ ಮಕ್ಕಳಿಗೆ ಹೇಳಬಹುದು. ಕತ್ತರಿ ಹೋದ ದಾರಿ ಕೊಂಬೆಗಳ ಹಾಗಿದೆ, ಸುತ್ತು ಕೂಡಿಲ್ಲ ಅಂದೆನಲ್ಲ. ಜಾಲಾಕೃತಿಯ ಸುತ್ತ ಬರುವುದೆಂದರೆ ಆ ಕೊಂಬೆಗಳ ಎರಡೂ ಮಗ್ಗುಲಲ್ಲಿ ನಡೆದು ಬರುವುದು. ಒಂದು ಅಂಚಿನ ಈ ಮಗ್ಗುಲಲ್ಲಿ ಹೋಗಿ ಆ ಮಗ್ಗುಲಲ್ಲಿ ವಾಪಸ್ ಬರುವಷ್ಟರಲ್ಲಿ, ಮಧ್ಯದ ಪ್ರತಿ ಅಂಚನ್ನೂ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟಿರುತ್ತೇವೆ. ಅಂದರೆ ಮಧ್ಯದ ಬದಿಗಳ ಸಂಖ್ಯೆ ಯಾವಾಗಲೂ ಸಮಸಂಖ್ಯೆ. ಹಾಗಾಗಿ ಜೋಡಿಯ ಒಂದು ಬದಿ ಬೆಸ ಜಾಗದಲ್ಲಿ ಬಂದರೆ ಇನ್ನೊಂದು ಸರಿ ಜಾಗದಲ್ಲೇ ಬರುತ್ತದೆ. ನಿಯಮ ಘನಕ್ಕಷ್ಟೇ ಅಲ್ಲ, ಅಂಚಿನ ಮೇಲೆ ಬಿಚ್ಚಿದ ಯಾವ ಉಬ್ಬಿದ ಆಕೃತಿಗೂ ನಡೆಯುತ್ತದೆ. ದ್ವಾದಶಮುಖ ಘನಕ್ಕೆ 20 ಶೃಂಗ. ಕತ್ತರಿಸುವ ಅಂಚು 19, ಹೊರಗಿನ ಬದಿ 38, ಮಡಿಕೆ 11, ಕಿವಿ 19. ಹಾಳೆಗಳು ಮುಂದಿನ ಮೇಜಿನ ಮೇಲಿವೆ, ಪಂಚಭುಜ ಗೀರಿಯೇ ಇಟ್ಟಿದ್ದೇವೆ. ಕತ್ತರಿ ಹಾಕುವ ಮೊದಲು ಕಿವಿ ಬರೆದುಕೊಳ್ಳಿ.